ಹೊಲ ಇದ್ದಾಗ ಬಿಡದ ರಸ್ತೆ

ಪ್ರಶ್ನೆ: ಸರ್, 2014ರಲ್ಲಿ ಬೆಂಗಳೂರಿನ ಪೂರ್ವದ ಅಂಚಿನಲ್ಲಿ ಒಂದು 30–40 ಸೈಟ್ ತಗೊಂಡು ಮನೆ ಕಟ್ಟಿದೆವು. ಮನೆ ಮುಂದಿನ ರಸ್ತೆ 20 ಅಡಿ. ಒಂದೇ ವರ್ಷದಲ್ಲಿ ಅದನ್ನು ಮೂರು ಸಲ ಅಗೆದರು. ಇಷ್ಟು ವರ್ಷ ಟ್ಯಾಂಕರ್ ನೀರು, ಕಾವೇರಿ ಬಂದದ್ದು ಈಚೆಗೆ. ಜೋರು ಮಳೆ ಬಂದರೆ ಚರಂಡಿ ನೀರು ಹಾಲ್‌ವರೆಗೂ ಬರುತ್ತದೆ. ಯಾರನ್ನು ಕೇಳಿದರೂ ‘ಈ ಊರಿಗೆ ಪ್ಲ್ಯಾನಿಂಗೇ ಇಲ್ಲ’ ಅಂತಾರೆ. ನಿಜಾನಾ? ನಮ್ಮ ಮಗ ಈಗ ಹೊಸಕೋಟೆ ಕಡೆ ಸೈಟ್ ನೋಡುತ್ತಿದ್ದಾನೆ. ಅಲ್ಲೂ ಇದೇ ಕಥೆ ಆಗುತ್ತಾ?

ಉತ್ತರ: ಬೆಂಗಳೂರಿಗೆ ಪ್ಲ್ಯಾನ್ ಇದೆ. ಬಣ್ಣಬಣ್ಣದ ನಕ್ಷೆ, ದಪ್ಪ ಪುಸ್ತಕ, ಪುಟಗಟ್ಟಲೆ ನಿಯಮ, ಎಲ್ಲ ಇದೆ. ಈಗ ಚಾಲ್ತಿಯಲ್ಲಿರುವುದು 2007ರಲ್ಲಿ ಒಪ್ಪಿಗೆ ಪಡೆದ ಮಹಾಯೋಜನೆ, ಅಂದರೆ ಮಾಸ್ಟರ್ ಪ್ಲ್ಯಾನ್. ಅದರ ಹೆಸರಲ್ಲೇ 2015 ಅಂತ ಇದೆ, ಅಂದರೆ ಅಲ್ಲಿಯವರೆಗಿನ ಲೆಕ್ಕ. ಮುಂದಿನದು 2031ಕ್ಕೆ. ಅದರ ಕರಡು 2017ರಲ್ಲಿ ಬಂತು, ಆಕ್ಷೇಪಣೆ ಕರೆದರು, ಕೊನೆಗೆ ಸರ್ಕಾರ ವಾಪಸ್ ತಗೊಂಡಿತು. ಹಾಗಾಗಿ ಹಳೇ ಪಂಚಾಂಗ ಇಟ್ಟುಕೊಂಡೇ ಊರು ಇನ್ನೂ ಮುಹೂರ್ತ ನೋಡುತ್ತಿದೆ.

ಇದು ನಾಚಿಕೆಗೇಡು, ಒಪ್ಪಿದೆ. ಆದರೆ ನಾಳೆಯೇ ಹೊಸ ಮಹಾಯೋಜನೆ ಬಂದರೂ ನಿಮ್ಮ 20 ಅಡಿ ರಸ್ತೆ 40 ಅಡಿ ಆಗುವುದಿಲ್ಲ. ನಮ್ಮ ಮಹಾಯೋಜನೆಗಳು ಮುಖ್ಯವಾಗಿ ಮಾಡುವ ಕೆಲಸ ಒಂದೇ: ಜಮೀನಿಗೆ ಬಣ್ಣ ಹಚ್ಚುವುದು. ಇದು ಹಳದಿ, ಇಲ್ಲಿ ಮನೆ ಕಟ್ಟಬಹುದು. ಇದು ಹಸಿರು, ಇಲ್ಲಿ ಬೇಡ. ಹಳದಿ ಬಿದ್ದ ದಿನವೇ ಎಕರೆಯ ರೇಟ್ ಏರುತ್ತದೆ. ಆ ಹಳದಿಯೊಳಗೆ ರಸ್ತೆ, ಚರಂಡಿ, ಪಾರ್ಕಿಗೆ ಜಾಗ ಯಾರು ಬಿಡಬೇಕು, ಬಿಟ್ಟವರಿಗೆ ಏನು ಸಿಗುತ್ತದೆ? ಅಲ್ಲಿಗೆ ಬಂದಾಗ ನಕ್ಷೆ ಸುಮ್ಮನಾಗಿಬಿಡುತ್ತದೆ.

ನಾನು ನಗರ ಯೋಜನೆಯ ಕೆಲಸಕ್ಕೆ ಸೇರಿದ ಹೊಸತರಲ್ಲಿ ಊರಾಚೆಯ ಒಂದು ಹಳ್ಳಿಗೆ ಅಳತೆಗೆ ಹೋಗಿದ್ದೆ. ಕೈಯಲ್ಲಿದ್ದ ನಕ್ಷೆಯಲ್ಲಿ 80 ಅಡಿ ರಸ್ತೆ. ಕಾಲ ಕೆಳಗೆ ರಾಗಿ ಹೊಲ. ಹೊಲದ ಯಜಮಾನರು ಬೀಡಿ ಹಚ್ಚಿಕೊಂಡು ನಕ್ಷೆಯನ್ನು ಒಂದಷ್ಟು ಹೊತ್ತು ನೋಡಿದರು. ಆಮೇಲೆ ಕೇಳಿದರು: ‘ಅಲ್ಲಾ ಸ್ವಾಮಿ, ಈ ರೋಡಿಗೆ ಹೋಗೋದು ನನ್ನ ಹೊಲ. ರೋಡು ಬಂತು ಅಂತ ರೇಟ್ ಏರೋದು ಪಕ್ಕದೋನ ಹೊಲಕ್ಕೆ. ನಾನ್ಯಾಕೆ ಬಿಡಲಿ?’

ನನ್ನ ಹತ್ತಿರ ಉತ್ತರ ಇರಲಿಲ್ಲ. ನನ್ನ ಮೇಲಿನವರ ಹತ್ತಿರವೂ ಇರಲಿಲ್ಲ. ಕೆಲವು ವರ್ಷ ಬಿಟ್ಟು ಮತ್ತೆ ಆ ಕಡೆ ಹೋದಾಗ ಹೊಲದ ತುಂಬ ಮನೆಗಳು. ನಡುವೆ 18 ಅಡಿ ದಾರಿ. ನಕ್ಷೆಯಲ್ಲಿ ಮಾತ್ರ 80 ಅಡಿ ರಸ್ತೆ ಹಾಗೇ ಇತ್ತು, ಈಗಲೂ ಇರಬಹುದು. ನಿಮ್ಮ ಪ್ರಶ್ನೆಯ ಬೇರು ಆ ರೈತರ ಪ್ರಶ್ನೆಯಲ್ಲೇ ಇದೆ ಅಂತ ನನಗೆ ಅನಿಸುತ್ತದೆ.

ನಿಮ್ಮ ಬಡಾವಣೆ ಹುಟ್ಟಿದ ಬಗೆಯನ್ನು ನೀವು ಬರೆದಿಲ್ಲ, ಆದರೂ ಊಹಿಸಬಲ್ಲೆ. ಎರಡು–ಮೂರು ಎಕರೆ ಹೊಲ. ಮಾಲೀಕರ ಜೊತೆ ಒಬ್ಬ ಏಜೆಂಟ್ ಕರಾರು ಮಾಡಿಕೊಂಡಿರುತ್ತಾನೆ. ಸುಣ್ಣದ ಗೆರೆ ಎಳೆದು, ಕಲ್ಲು ನೆಟ್ಟು, ಸೈಟ್ ಮಾಡುತ್ತಾನೆ. ರಸ್ತೆಗೆ ಬಿಟ್ಟ ಒಂದೊಂದು ಅಡಿಯೂ ಅವನ ಪಾಲಿಗೆ ನಷ್ಟ, ಹಾಗಾಗಿ 20 ಅಡಿ. ಕಾನೂನುಬದ್ಧ ಬಡಾವಣೆಯಲ್ಲಿ ರಸ್ತೆ, ಪಾರ್ಕು, ಶಾಲೆ–ಆಸ್ಪತ್ರೆ ಜಾಗ ಎಲ್ಲ ಬಿಟ್ಟ ಮೇಲೆ ಸೈಟ್ ಆಗಿ ಮಾರಲು ಸಿಗುವುದು ಒಟ್ಟು ಜಮೀನಿನ ಅರ್ಧಕ್ಕಿಂತ ಸ್ವಲ್ಪ ಜಾಸ್ತಿ, ಅಷ್ಟೇ. ರೆವಿನ್ಯೂ ಸೈಟ್ (ಬಡಾವಣೆಗೆ ಒಪ್ಪಿಗೆ ಪಡೆಯದೆ ಹೊಲದಲ್ಲೇ ಮಾಡಿದ ಸೈಟ್) ಮಾಡುವವನು ಮುಕ್ಕಾಲಕ್ಕೂ ಮೀರಿ ಮಾರುತ್ತಾನೆ. ಅದಕ್ಕೇ ಅಗ್ಗ. ಪಕ್ಕದ ಹೊಲದಲ್ಲಿ ಇನ್ನೊಬ್ಬ ಏಜೆಂಟ್ ತನ್ನ ಲೆಕ್ಕಕ್ಕೆ ಸುಣ್ಣ ಎಳೆಯುತ್ತಾನೆ. ಇವನ ರಸ್ತೆ ಅವನ ಕಾಂಪೌಂಡಿಗೆ ಬಂದು ನಿಲ್ಲುತ್ತದೆ. ನಿಮ್ಮ ಏರಿಯಾದಲ್ಲಿ ಅಡ್ಡರಸ್ತೆಗಳು ಮುಂದೆ ಹೋಗಿ ಮುಚ್ಚಿಕೊಳ್ಳುತ್ತವೆ, ಅಲ್ವಾ? ಹಳೇ ಹೊಲಗಳ ಬದುಗಳೇ ಈಗ ಕಾಂಪೌಂಡ್ ಆಗಿವೆ.

ಇಂಥ ಸೈಟ್ ತಗೊಂಡವರನ್ನು ಬೈಯುವವರು ಇದ್ದಾರೆ. ನಾನು ಬೈಯಲ್ಲ. ಬೆಂಗಳೂರಿನ ಜನಸಂಖ್ಯೆ 1971ರಲ್ಲಿ ಸುಮಾರು 16.5 ಲಕ್ಷ, 2011ರಲ್ಲಿ 85 ಲಕ್ಷ. ನಲವತ್ತು ವರ್ಷದಲ್ಲಿ ಐದು ಪಟ್ಟು. ಇಷ್ಟು ಜನಕ್ಕೆ ಕ್ರಮಬದ್ಧ ಸೈಟ್ ಕೊಡಬೇಕಾದದ್ದು 1976ರಲ್ಲಿ ಹುಟ್ಟಿದ ಬಿಡಿಎ, ಅಂದರೆ ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರ. ಅದರ ಅರ್ಕಾವತಿ ಬಡಾವಣೆ 2003ರಲ್ಲಿ ಶುರುವಾಗಿ, ಕೋರ್ಟು, ಡಿನೋಟಿಫಿಕೇಷನ್ನು (ಸ್ವಾಧೀನಕ್ಕೆ ಗುರುತಿಸಿದ ಜಮೀನನ್ನು ಕೈಬಿಡುವುದು), ವಿಚಾರಣಾ ಆಯೋಗ ಅಂತ ವರ್ಷಗಟ್ಟಲೆ ಎಳೆಯಿತು. ಸೈಟ್ ಹಂಚಿಕೆ ಪತ್ರ ಹಿಡಿದುಕೊಂಡೇ ಜನ ರಿಟೈರ್ ಆದರು. ಸಂಬಳದಲ್ಲಿ ಮನೆ ಮಾಡಬೇಕಾದವರು ಅಷ್ಟು ದಿನ ಕಾಯುತ್ತಾರಾ? ಸಿಕ್ಕಿದ್ದನ್ನು ತಗೊಂಡರು. ಬಿ ಖಾತಾ (ಒಪ್ಪಿಗೆ ಇಲ್ಲದ ಆಸ್ತಿಯಿಂದ ತೆರಿಗೆ ವಸೂಲಿಗೆ ಪಾಲಿಕೆ ಇಟ್ಟ ದಾಖಲೆ) ಅನ್ನೋ ಪದವೇ ಆ ಅನಿವಾರ್ಯದಿಂದ ಹುಟ್ಟಿದ್ದು.

ಊರು ಕಟ್ಟುವುದು ನಮಗೆ ಗೊತ್ತೇ ಇಲ್ಲ ಅಂತಲೂ ಅಲ್ಲ. ಬಸವನಗುಡಿ, ಮಲ್ಲೇಶ್ವರಂ ನೋಡಿ. 1890ರ ದಶಕದಲ್ಲಿ, 1898ರ ಪ್ಲೇಗ್ ಹೊತ್ತಿಗೆ, ಪೇಟೆಯ ಇಕ್ಕಟ್ಟು ಬಿಟ್ಟು ಆಚೆ ಹೋಗಲಿ ಅಂತ ಮಾಡಿದ ಬಡಾವಣೆಗಳು. ಮೊದಲು ರಸ್ತೆ, ಮನೆಗಳ ಹಿಂದೆ ಕಸ, ಕೊಳೆ ಸಾಗಿಸಲು ಕನ್ಸರ್ವೆನ್ಸಿ ಗಲ್ಲಿ, ಆಮೇಲೆ ಸೈಟ್. ಆಗ ಊರಿನ ಜನಸಂಖ್ಯೆ ಎರಡು ಲಕ್ಷವೂ ಇರಲಿಲ್ಲ ಅನ್ನೋದು ನಿಜ. ಜಾಗವೂ ಜಾಸ್ತಿ ಇತ್ತು. ಆದರೆ ಕೆಲಸದ ಕ್ರಮ ಸರಿಯಾಗಿತ್ತು. ನಿಮ್ಮ ಕಡೆ ಕ್ರಮ ಪೂರ್ತಿ ತಿರುವುಮುರುವು. ಮೊದಲು ಮನೆ, ಆಮೇಲೆ ಕರೆಂಟು, ಆಮೇಲೆ ಟಾರು, ಅದನ್ನು ಅಗೆದು ಒಳಚರಂಡಿ, ಮತ್ತೆ ಅಗೆದು ನೀರಿನ ಪೈಪು.

ಇನ್ನು ನಿಮ್ಮ ಹಾಲ್‌ಗೆ ನುಗ್ಗುವ ನೀರಿನ ವಿಷಯ.

ಬೆಂಗಳೂರು ಸಮುದ್ರ ಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿ, ದಿಣ್ಣೆಯ ಮೇಲೆ ಕೂತ ಊರು. ಹತ್ತಿರದಲ್ಲಿ ದೊಡ್ಡ ನದಿ ಇಲ್ಲ. ಇಲ್ಲಿ ಬಿದ್ದ ಮಳೆ ಮುಖ್ಯವಾಗಿ ಮೂರು ಕಣಿವೆಗಳಲ್ಲಿ ಇಳಿಯುತ್ತದೆ. ಹೆಬ್ಬಾಳ ಕಣಿವೆಯ ನೀರು, ಕೋರಮಂಗಲ–ಚಲ್ಲಘಟ್ಟ ಕಣಿವೆಯ ನೀರು ಪೂರ್ವಕ್ಕೆ ಹರಿದು ದಕ್ಷಿಣ ಪಿನಾಕಿನಿಗೆ ಹೋಗುತ್ತದೆ. ವೃಷಭಾವತಿ ಇನ್ನೊಂದು ಕಡೆ ಇಳಿದು ಅರ್ಕಾವತಿ ಸೇರಿ ಕಾವೇರಿಗೆ. ನದಿ ಇಲ್ಲದ ಊರಲ್ಲಿ ಹಿಂದಿನವರು ಈ ಕಣಿವೆಗಳ ಉದ್ದಕ್ಕೂ ಏರಿ ಕಟ್ಟಿ ನೀರು ನಿಲ್ಲಿಸಿದರು. ಒಂದು ಕೆರೆ ತುಂಬಿ ಕೋಡಿ ಬಿದ್ದರೆ ಮುಂದಿನ ಕೆರೆಗೆ. ಮಡಿವಾಳ ಕೆರೆಯಿಂದ ಅಗರ, ಅಗರದಿಂದ ಬೆಳ್ಳಂದೂರು, ಬೆಳ್ಳಂದೂರಿನಿಂದ ವರ್ತೂರು. ಒಂದರಿಂದ ಒಂದಕ್ಕೆ ನೀರು ಒಯ್ಯುವ ದಾರಿಯೇ ರಾಜಕಾಲುವೆ. ತೂಬು ಎತ್ತಿ ಇಳಿಸಲು ನೀರಗಂಟಿ ಇರುತ್ತಿದ್ದ. ಕಾಲುವೆಯಲ್ಲಿ ಹೂಳು ತುಂಬಿದರೆ ಮುಂದಿನ ಬೆಳೆಗೆ ನೀರಿಲ್ಲ, ಆದ್ದರಿಂದ ಊರವರೇ ಎತ್ತುತ್ತಿದ್ದರು.

ನಲ್ಲಿ ನೀರು ಬಂದ ಮೇಲೆ ಕೆರೆ ಯಾರಿಗೂ ಬೇಡವಾಯಿತು. 1890ರ ದಶಕದಲ್ಲಿ ಹೆಸರಘಟ್ಟದ ನೀರು, 1930ರ ದಶಕದಲ್ಲಿ ತಿಪ್ಪಗೊಂಡನಹಳ್ಳಿ, 1974ರಿಂದ ಕಾವೇರಿ. ದೂರದ ನೀರು ಬಂದಂತೆಲ್ಲ ಹತ್ತಿರದ ಕೆರೆಗಳು ಖಾಲಿ ಜಾಗದಂತೆ ಕಾಣತೊಡಗಿದವು. ಧರ್ಮಾಂಬುಧಿ ಕೆರೆ ಇದ್ದ ಕಡೆ ಈಗ ಮೆಜೆಸ್ಟಿಕ್ ಬಸ್ ನಿಲ್ದಾಣ. ಸಂಪಂಗಿ ಕೆರೆಯ ಜಾಗದಲ್ಲಿ ಕಂಠೀರವ ಕ್ರೀಡಾಂಗಣ. ಒತ್ತುವರಿ ಅಂದ ತಕ್ಷಣ ನಮಗೆ ಯಾರೋ ಬಿಲ್ಡರ್ ನೆನಪಾಗುತ್ತಾನೆ. ಆದರೆ ದೊಡ್ಡ ದೊಡ್ಡ ಕೆರೆ ಮುಚ್ಚಿದವರಲ್ಲಿ ಸರ್ಕಾರವೇ ಮೊದಲ ಸಾಲಿನಲ್ಲಿದೆ.

ಕೆರೆಗಿಂತ ಜಾಸ್ತಿ ಹಾಳಾದದ್ದು ಕಾಲುವೆ. ಕೆರೆಗೆ ಹೆಸರಿದೆ, ಹೋರಾಟ ಮಾಡುವವರು ಇದ್ದಾರೆ. ಕಾಲುವೆಯನ್ನು ಕೇಳುವವರಿಲ್ಲ. ಬಡಾವಣೆ ಮಾಡುವವನು ಅದನ್ನು ತನ್ನ ಸೈಟಿನ ಗಡಿಗೆ ತಕ್ಕಂತೆ ಅಂಕುಡೊಂಕಾಗಿ ತಿರುಗಿಸುತ್ತಾನೆ, ಎರಡೂ ಬದಿಗೆ ಗೋಡೆ ಎತ್ತುತ್ತಾನೆ. ಸಣ್ಣ ಮಳೆಗೆ ಏನೂ ಗೊತ್ತಾಗುವುದಿಲ್ಲ. ದೊಡ್ಡ ಮಳೆಗೆ ರಭಸದಲ್ಲಿ ಬಂದ ನೀರು 90 ಡಿಗ್ರಿ ತಿರುವಿನಲ್ಲಿ ತಿರುಗದೆ ಗೋಡೆ ಹಾರುತ್ತದೆ. ಮುಂದೆ ರಸ್ತೆ ಅಡ್ಡ ಬಂದಲ್ಲಿ ಒಂದು ಸಣ್ಣ ಮೋರಿ. ಅದರ ಬಾಯಿಗೆ ಪ್ಲಾಸ್ಟಿಕ್, ಹಾಸಿಗೆ, ತೆಂಗಿನ ಗರಿ. ಮೇಲಿನ ಹೊಲಗಳೆಲ್ಲ ಕಾಂಕ್ರೀಟ್ ಆಗಿರುವುದರಿಂದ ಮೊದಲು ಅರ್ಧ ದಿನ ತಗೊಂಡು ಇಳಿಯುತ್ತಿದ್ದ ನೀರು ಈಗ ಅರ್ಧ ಗಂಟೆಯಲ್ಲಿ ಬಂದುಬಿಡುತ್ತದೆ.

2022ರಲ್ಲಿ ನಡೆದದ್ದು ಇದೇ. ಬೆಂಗಳೂರಿನ ವರ್ಷದ ಸರಾಸರಿ ಮಳೆ ಒಂದು ಸಾವಿರ ಮಿ.ಮೀ.ಗೆ ಸ್ವಲ್ಪ ಕಡಿಮೆ. ಆ ವರ್ಷ ಅದರ ಹತ್ತಿರತ್ತಿರ ಎರಡು ಪಟ್ಟು ಸುರಿಯಿತು. ಸೆಪ್ಟೆಂಬರ್ ಮೊದಲ ವಾರದಲ್ಲಿ ಬೆಳ್ಳಂದೂರು, ಸರ್ಜಾಪುರ ರಸ್ತೆ, ಹೊರವರ್ತುಲ ರಸ್ತೆಯ ಕಡೆ ಸಾಫ್ಟ್‌ವೇರ್ ಕಂಪನಿಗಳ ನೌಕರರು ಟ್ರ್ಯಾಕ್ಟರ್ ಹತ್ತಿ ಕೆಲಸಕ್ಕೆ ಹೋದರು. ಆ ಚಿತ್ರ ನೋಡಿ ಜನ ನಕ್ಕರು. ನನಗೆ ನಕ್ಷೆ ನೆನಪಾಯಿತು. ಮುಳುಗಿದ ಜಾಗಗಳೆಲ್ಲ ಕಣಿವೆಯ ತಗ್ಗಿನಲ್ಲಿ, ಕೆರೆಯಿಂದ ಕೆರೆಗೆ ಹೋಗುವ ದಾರಿಯಲ್ಲೇ ಇದ್ದವು. ನಿಮ್ಮ ಮನೆಯೂ ಪೂರ್ವದ ಅಂಚು ಅಂದಿರಿ. ಅಲ್ಲಿಗೆ ಮೇಲಿನ ಅರ್ಧ ಊರಿನ ನೀರು ಇಳಿದು ಬರುತ್ತದೆ.

ಕಾಲುವೆ ಪಕ್ಕ ಎಷ್ಟು ಜಾಗ ಬಿಡಬೇಕು ಅಂತ ನಿಯಮ ಇಲ್ಲದೇ ಇಲ್ಲ. 2007ರಲ್ಲಿ ಒಪ್ಪಿಗೆ ಪಡೆದ ಅದೇ ಮಹಾಯೋಜನೆಯ ಪ್ರಕಾರ ದೊಡ್ಡ ಕಾಲುವೆಗೆ 50 ಮೀಟರ್, ಮಧ್ಯದ್ದಕ್ಕೆ 25, ಸಣ್ಣದಕ್ಕೆ 15, ಕೆರೆಗೆ 30. ಹಸಿರು ನ್ಯಾಯಮಂಡಳಿ 2016ರಲ್ಲಿ ಕೆರೆಗೆ 75 ಮೀಟರ್ ಬಿಡಬೇಕು ಅಂದಿತು, 2019ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ತೆಗೆದುಹಾಕಿ ಹಳೆಯದನ್ನೇ ಉಳಿಸಿತು. ನನ್ನ ಅಭಿಪ್ರಾಯ ಕೇಳಿದರೆ, ಎಷ್ಟು ಮೀಟರ್ ಅನ್ನೋ ಜಗಳಕ್ಕಿಂತ ಆ ಜಾಗವನ್ನು ಮೊದಲೇ ಗುರುತಿಸಿ, ಕಲ್ಲು ನೆಟ್ಟು, ಮಾಲೀಕನಿಗೆ ಅದರ ಬದಲು ಏನಾದರೂ ಕೊಟ್ಟು ಬಿಡಿಸಿಕೊಳ್ಳುವುದು ಮುಖ್ಯ. ಮನೆ ಕಟ್ಟಿದ ಮೇಲೆ ಜೆಸಿಬಿ ತರುವುದು ಕ್ರೂರ ಕೆಲಸ. ಅದರಲ್ಲೂ ಮೊದಲು ಬೀಳುವುದು ಚಿಕ್ಕವರ ಮನೆ. ದೊಡ್ಡವರು ಅಷ್ಟರಲ್ಲಿ ಸ್ಟೇ ತಂದಿರುತ್ತಾರೆ.

ಕಾವೇರಿ ನೀರಿನ ತಡಕ್ಕೂ ಈ ತಿರುವುಮುರುವು ಕ್ರಮವೇ ಕಾರಣ. 2007ರಲ್ಲಿ ಹಳೇ ಮಹಾನಗರ ಪಾಲಿಕೆಗೆ ಏಳು ನಗರಸಭೆ, ಒಂದು ಪುರಸಭೆ, 110 ಹಳ್ಳಿ ಸೇರಿಸಿ ಬಿಬಿಎಂಪಿ ಮಾಡಿದರು. ತೆರಿಗೆ ಆಗಲೇ ಶುರು. ಆ 110 ಹಳ್ಳಿಗಳಿಗೆಂದೇ ಮಾಡಿದ ಕಾವೇರಿ ಐದನೇ ಹಂತ ಉದ್ಘಾಟನೆ ಆದದ್ದು 2024ರ ಅಕ್ಟೋಬರ್‌ನಲ್ಲಿ. ಹದಿನೇಳು ವರ್ಷ! ಅಷ್ಟರಲ್ಲಿ ಎಲ್ಲರೂ ಬೋರ್ ಕೊರೆಸಿದ್ದಾಗಿತ್ತು. 2024ರ ಬೇಸಿಗೆಯಲ್ಲಿ ಸರ್ಕಾರದ ಲೆಕ್ಕದ ಸುಮಾರು 14 ಸಾವಿರ ಕೊಳವೆಬಾವಿಗಳಲ್ಲಿ ಹತ್ತಿರತ್ತಿರ ಅರ್ಧ ಬತ್ತಿದ್ದವು. ಐದನೇ ಹಂತದಿಂದ ದಿನಕ್ಕೆ 77.5 ಕೋಟಿ ಲೀಟರ್ ಹೆಚ್ಚು ಸಿಗುತ್ತದೆ. ಮೊದಲಿನ 145 ಕೋಟಿಗೆ ಇದನ್ನು ಸೇರಿಸಿಕೊಳ್ಳಿ. ಅಷ್ಟನ್ನೂ ಸುಮಾರು 100 ಕಿ.ಮೀ. ದೂರದ ತೊರೆಕಾಡನಹಳ್ಳಿಯಿಂದ ಮೂರು ಕಡೆ ಪಂಪ್ ಮಾಡಿ ಮೇಲಕ್ಕೆತ್ತಬೇಕು. ಹೀಗೆ ತಂದ ನೀರಿನಲ್ಲಿ ಕಾಲು ಭಾಗಕ್ಕೂ ಮೀರಿ ಸೋರಿಕೆ, ಲೆಕ್ಕಕ್ಕೆ ಸಿಗದ ಬಳಕೆ ಅಂತ ಹೋಗುತ್ತದೆ. ಆರನೇ ಹಂತಕ್ಕೆ ಕಾವೇರಿಯಲ್ಲಿ ಅಷ್ಟು ಸುಲಭವಾಗಿ ನೀರು ಸಿಗಲ್ಲ. ನಿಮ್ಮ ಮನೆಯಲ್ಲಿ ಮಳೆಕೊಯ್ಲಿನ ಗುಂಡಿ ಇಲ್ಲದಿದ್ದರೆ ಈ ಬೇಸಿಗೆಯಲ್ಲೇ ಮಾಡಿಸಿ.

ಅಗೆದ ರಸ್ತೆಯ ಬಗ್ಗೆ ಜಾಸ್ತಿ ಹೇಳುವುದಿಲ್ಲ, ನೀವೇ ನೋಡಿದ್ದೀರಿ. ರಸ್ತೆ ಪಾಲಿಕೆಯದು, ಒಳಚರಂಡಿ ಜಲಮಂಡಳಿಯದು, ಕೇಬಲ್ ಬೆಸ್ಕಾಂದು, ಗ್ಯಾಸ್ ಪೈಪು ಇನ್ನೊಬ್ಬರದು, ಇಂಟರ್ನೆಟ್ ತಂತಿ ಮತ್ತೊಬ್ಬರದು. ಜಲಮಂಡಳಿ, ಬಿಎಂಟಿಸಿ, ಮೆಟ್ರೊ ನಿಗಮ ಯಾವುದೂ ಮೇಯರ್ ಮಾತು ಕೇಳಬೇಕಾಗಿಲ್ಲ. ಮೊದಲೆರಡು ರಾಜ್ಯ ಸರ್ಕಾರದ ಕೆಳಗೆ, ಮೆಟ್ರೊ ರಾಜ್ಯ–ಕೇಂದ್ರ ಇಬ್ಬರದೂ. ಸಂವಿಧಾನದ 74ನೇ ತಿದ್ದುಪಡಿ 1993ರಿಂದ ಜಾರಿಯಲ್ಲಿದೆ. ನಗರಗಳಿಗೆ ಬಿಟ್ಟುಕೊಡಬಹುದಾದ 18 ಕೆಲಸಗಳ ಪಟ್ಟಿಯಲ್ಲಿ ಮೊದಲನೆಯದೇ ನಗರ ಯೋಜನೆ. ಬೆಂಗಳೂರಿನಲ್ಲಿ ಆ ಕೆಲಸ ಬಿಡಿಎ ಕೈಯಲ್ಲೇ ಉಳಿಯಿತು. ಇನ್ನು ಮೇಯರ್ ಆದರೂ ಇದ್ದರಾ? ಬಿಬಿಎಂಪಿಯ ಚುನಾಯಿತ ಕೌನ್ಸಿಲ್ ಅವಧಿ 2020ರ ಸೆಪ್ಟೆಂಬರ್‌ನಲ್ಲಿ ಮುಗಿಯಿತು. ಆಮೇಲೆ ಅದಕ್ಕೆ ಚುನಾವಣೆಯೇ ಆಗಲಿಲ್ಲ. 2025ರಲ್ಲಿ ಬಿಬಿಎಂಪಿಯನ್ನೇ ತೆಗೆದು ಐದು ಪಾಲಿಕೆ ಮಾಡಿದರು, ಮೇಲೆ ಗ್ರೇಟರ್ ಬೆಂಗಳೂರು ಪ್ರಾಧಿಕಾರ. ಕಸ, ಬೀದಿದೀಪಕ್ಕೆ ಸಣ್ಣ ಪಾಲಿಕೆ ಒಳ್ಳೆಯದೇ ಆಗಬಹುದು. ಆದರೆ ರಾಜಕಾಲುವೆ ಎರಡು–ಮೂರು ಪಾಲಿಕೆ ದಾಟಿ ಹರಿಯುತ್ತದೆ. ಅದಕ್ಕೆ ಒಬ್ಬನೇ ಯಜಮಾನ ಬೇಕು.

ರೆಸಿಡೆನ್ಸಿ ರಸ್ತೆ, ವಿಠಲ್ ಮಲ್ಯ ರಸ್ತೆ ಕಡೆ ಟೆಂಡರ್‌ಶ್ಯೂರ್ ಅಂತ ಮಾಡಿದ್ದಾರೆ. ಪೈಪು, ಕೇಬಲ್ ಎಲ್ಲ ಫುಟ್‌ಪಾತ್ ಕೆಳಗೆ, ಅಲ್ಲಲ್ಲಿ ಚೇಂಬರ್. ಟಾರು ಮುಟ್ಟದೇ ರಿಪೇರಿ ಮಾಡಬಹುದು. ಚೆನ್ನಾಗಿದೆ. ಆದರೆ ಅದಕ್ಕೆ ಫುಟ್‌ಪಾತ್ ಬೇಕು. ನಿಮ್ಮ 20 ಅಡಿಯಲ್ಲಿ ಫುಟ್‌ಪಾತ್ ಎಲ್ಲಿ ಹಾಕುತ್ತಾರೆ? ಬಸ್ ಕೂಡ ಆ ರಸ್ತೆಗೆ ಬರಲ್ಲ. ಬಸ್ ಬರಲ್ಲ ಅಂತ ಮನೆಗೆ ಎರಡು ಸ್ಕೂಟರ್. ಹೀಗೆ ಸೇರಿಸುತ್ತಾ ಹೋಗಿ ಊರಿನ ವಾಹನಗಳು ಒಂದು ಕೋಟಿ ದಾಟಿವೆ.

ಈಗ ಆ ರೈತರ ಪ್ರಶ್ನೆಗೆ ವಾಪಸ್ ಬರೋಣ. ‘ನಾನ್ಯಾಕೆ ಬಿಡಲಿ?’ ಅದಕ್ಕೆ ಒಳ್ಳೆಯ ಉತ್ತರ ನನಗೆ ಸಿಕ್ಕಿದ್ದು ಎಷ್ಟೋ ವರ್ಷದ ನಂತರ, ಗುಜರಾತಿನಲ್ಲಿ.

ಅಹಮದಾಬಾದ್ ಸುತ್ತ 76 ಕಿ.ಮೀ. ಉದ್ದದ ವರ್ತುಲ ರಸ್ತೆ ಇದೆ, ಸರ್ದಾರ್ ಪಟೇಲ್ ಹೆಸರಿನದು. ಅದರ ಜಾಗದ ದೊಡ್ಡ ಪಾಲನ್ನು ಭೂಸ್ವಾಧೀನ ಮಾಡದೆಯೇ ಪಡೆದರು. ಅವರು ಬಳಸಿದ ಉಪಾಯಕ್ಕೆ ನಗರ ಯೋಜನಾ ಸ್ಕೀಮ್ ಅನ್ನುತ್ತಾರೆ. ಒಂದು ನೂರು ಎಕರೆ, ನಲವತ್ತು ಜನ ರೈತರು ಅಂದುಕೊಳ್ಳಿ. ಎಲ್ಲರ ಹೊಲವನ್ನೂ ಕಾಗದದ ಮೇಲೆ ಒಟ್ಟು ಮಾಡುತ್ತಾರೆ. ರಸ್ತೆ, ಚರಂಡಿ, ಪಾರ್ಕು, ಶಾಲೆಗೆ ಜಾಗ ತೆಗೆಯುತ್ತಾರೆ. ಮಿಕ್ಕದ್ದನ್ನು ನೇರ ಗೆರೆಯಲ್ಲಿ ಹೊಸದಾಗಿ ವಿಂಗಡಿಸಿ ಅವರವರ ಪಾಲಿಗೆ ವಾಪಸ್ ಕೊಡುತ್ತಾರೆ. ಒಂದು ಎಕರೆ ಇದ್ದವರಿಗೆ 24 ಗುಂಟೆಯಷ್ಟು ಬರಬಹುದು. ಆದರೆ ಆ 24 ಗುಂಟೆ ರಸ್ತೆ ಪಕ್ಕದಲ್ಲಿ, ಚೌಕವಾಗಿ, ಮಾರಿದರೆ ಮೊದಲಿನ ಒಂದು ಎಕರೆಗಿಂತ ಜಾಸ್ತಿ ಬೆಲೆ. ರಸ್ತೆ ಯಾರ ಹೊಲದ ಮೇಲೆ ಬಿದ್ದರೂ ಚಿಂತೆಯಿಲ್ಲ, ಎಲ್ಲರೂ ಸರಿಸುಮಾರು ಒಂದೇ ಪಾಲು ಬಿಟ್ಟುಕೊಡುತ್ತಾರೆ. ನನ್ನ ಬೀಡಿ ಯಜಮಾನರು ಇದಕ್ಕೆ ಒಪ್ಪುತ್ತಿದ್ದರು ಅಂತ ನನ್ನ ನಂಬಿಕೆ. ಕೊನೇಪಕ್ಷ ಜಗಳ ಬೇರೆ ತರಹ ಇರುತ್ತಿತ್ತು.

ಇದೇನೂ ಹೊಸ ಕಾನೂನಲ್ಲ. ಬೀಜ 1915ರ ಮುಂಬೈ ಕಾಯ್ದೆಯಲ್ಲಿದೆ. ಗುಜರಾತ್ ಅದನ್ನು ತಿದ್ದುತ್ತಾ ಬಂತು. 1999ರ ತಿದ್ದುಪಡಿ ಮುಖ್ಯವಾದದ್ದು. ಸ್ಕೀಮ್ ಪೂರ್ತಿ ಮುಗಿಯುವವರೆಗೆ ಕಾಯದೆ, ಕರಡಿಗೆ ಒಪ್ಪಿಗೆ ಸಿಕ್ಕ ಕೂಡಲೇ ರಸ್ತೆಯ ಜಾಗ ವಶಕ್ಕೆ ತಗೊಳ್ಳಬಹುದು ಅಂತ ಮಾಡಿದರು. ತಮಾಷೆ ಅಂದರೆ ನಮ್ಮ ಕರ್ನಾಟಕದ 1961ರ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆಯಲ್ಲೂ ಇಂಥ ಸ್ಕೀಮ್‌ಗೆ ಒಂದು ಅಧ್ಯಾಯವೇ ಇದೆ. ನಾವು ಅದನ್ನು ಬಳಸಿದ್ದು ತೀರಾ ಕಡಿಮೆ. ನಮಗೆ ಅಭ್ಯಾಸವಾಗಿದ್ದು ನೋಟಿಫಿಕೇಷನ್ ಹೊರಡಿಸಿ ಜಮೀನು ತಗೊಳ್ಳುವುದು. ಅದರ ಫಲ ನೋಡಬೇಕಾದರೆ ನಮ್ಮದೇ ಪೆರಿಫೆರಲ್ ರಿಂಗ್ ರಸ್ತೆ ಇದೆ. ಅದೂ ಸುಮಾರು 73 ಕಿ.ಮೀ., ಅಹಮದಾಬಾದಿನಷ್ಟೇ. 2000ದ ದಶಕದಲ್ಲೇ ನೋಟಿಫೈ ಆಯಿತು. ಹೆಸರು ಬದಲಾಗಿ ಬಿಸಿನೆಸ್ ಕಾರಿಡಾರ್ ಆಯಿತು, ಅಂದಾಜು ವೆಚ್ಚ ಏರುತ್ತಲೇ ಹೋಯಿತು. ಆ ದಾರಿಯಲ್ಲಿ ಜಮೀನಿದ್ದ ರೈತರು ಮಾರಲಾಗದೆ, ಕಟ್ಟಲಾಗದೆ, ಪರಿಹಾರವೂ ಇಲ್ಲದೆ ಎರಡು ದಶಕ ಕಳೆದರು. ನೋಟಿಫಿಕೇಷನ್ ಅಂದರೆ ಅವರು ಉರಿದು ಬೀಳುವುದರಲ್ಲಿ ತಪ್ಪೇನಿದೆ?

ಅಹಮದಾಬಾದ್ ಸ್ವರ್ಗ ಅಂತ ನಾನು ಹೇಳುತ್ತಿಲ್ಲ. ಸ್ಕೀಮ್‌ಗಳ ಕಡತ ಅಲ್ಲೂ ವರ್ಷಗಟ್ಟಲೆ ಎಳೆಯುತ್ತದೆ. ಹೊಲದಲ್ಲಿ ಕೂಲಿ ಮಾಡುತ್ತಿದ್ದವರಿಗೆ, ಗೇಣಿಗೆ ಇದ್ದವರಿಗೆ ಅದರಲ್ಲಿ ಪಾಲಿಲ್ಲ. ಆದರೂ ಮನೆ ಏಳುವ ಮೊದಲು ರಸ್ತೆಯ ಜಾಗ ಸಾರ್ವಜನಿಕರ ಕೈಗೆ ಬರುತ್ತದೆ. ಡಾಂಬರು ಹತ್ತು ವರ್ಷ ಬಿಟ್ಟು ಹಾಕಿದರೂ ನಡೆಯುತ್ತದೆ. ಜಾಗ ಬಿಟ್ಟಿರಬೇಕು. ಖಾಲಿ ಹೊಲದಲ್ಲಿ 60 ಅಡಿ ಬಿಡಿಸಿಕೊಳ್ಳಲು ಆಗುವ ಖರ್ಚಿಗೂ, ಅದೇ ಜಾಗದಲ್ಲಿ ಮೂರು ಮಹಡಿ ಎದ್ದ ಮೇಲೆ ಬಿಡಿಸಿಕೊಳ್ಳಲು ಆಗುವ ಖರ್ಚಿಗೂ ಹೋಲಿಕೆಯೇ ಇಲ್ಲ. ನಮ್ಮ ಇಲಾಖೆಗಳ ಹಣ, ಗಮನ ಎಲ್ಲ ಈ ಎರಡನೆಯದರ ಮೇಲೇ ಹೋಗುತ್ತಿದೆ. ಮೊದಲನೆಯದಕ್ಕೆ ರಿಬ್ಬನ್ ಕತ್ತರಿಸಲು ಏನೂ ಇರುವುದಿಲ್ಲ. ಬದುವಿನ ಮೇಲೆ ನಾಲ್ಕು ಕಲ್ಲು ನೆಟ್ಟಿದ್ದಕ್ಕೆ ಯಾರು ಫ್ಲೆಕ್ಸ್ ಹಾಕಿಸುತ್ತಾರೆ?

ಇದು ಬೆಂಗಳೂರಿನದಷ್ಟೇ ಕಥೆಯೂ ಅಲ್ಲ. 2011ರ ಜನಗಣತಿ ದೇಶದಲ್ಲಿ ಸುಮಾರು 7,900 ಪಟ್ಟಣ ಎಣಿಸಿತು. ಅದರಲ್ಲಿ ಸುಮಾರು 3,900 ಬರೀ ಗಣತಿಯ ಲೆಕ್ಕದ ಪಟ್ಟಣಗಳು. ಅಂದರೆ ಜನ, ಕಸುಬು, ದಟ್ಟಣೆ ಎಲ್ಲ ಪಟ್ಟಣದ್ದೇ, ಆದರೆ ಪುರಸಭೆ ಇಲ್ಲ, ಬಹುಪಾಲು ಕಡೆ ಗ್ರಾಮ ಪಂಚಾಯಿತಿಯೇ ಆಡಳಿತ. 2001ರಲ್ಲಿ ಇಂಥವು 1,362 ಇದ್ದವು. ನೀತಿ ಆಯೋಗದ 2021ರ ವರದಿಯ ಪ್ರಕಾರ ದೇಶದ ಪಟ್ಟಣಗಳಲ್ಲಿ ನೂರಕ್ಕೆ 65ಕ್ಕೆ ಮಹಾಯೋಜನೆಯೇ ಇಲ್ಲ. ಒಬ್ಬ ಪಿಡಿಒ, ಒಬ್ಬ ಬಿಲ್ ಕಲೆಕ್ಟರ್ ಇರುವ ಪಂಚಾಯಿತಿಗೆ ನಾಲ್ಕು ಮಹಡಿಯ ಪಿಜಿ ಕಟ್ಟಡದ ನಕ್ಷೆ ಬಂದರೆ ಅವರು ತಾನೇ ಏನು ಮಾಡುತ್ತಾರೆ? ಸೀಲ್ ಹಾಕುತ್ತಾರೆ.

ನಿಮ್ಮ ಮಗನ ವಿಷಯಕ್ಕೆ ಬರುತ್ತೇನೆ. ಹೊಸಕೋಟೆಯಲ್ಲೂ ಇದೇ ಕಥೆ ಆಗುತ್ತಾ ಅಂದರೆ, ಕೆಲವು ಕಡೆ ಆಗಲೇ ಆಗಿದೆ, ಕೆಲವು ಕಡೆ ಇನ್ನೂ ಆಗಿಲ್ಲ. ಸ್ಯಾಟಲೈಟ್ ಟೌನ್ ರಿಂಗ್ ರಸ್ತೆ, ಚೆನ್ನೈ ಎಕ್ಸ್‌ಪ್ರೆಸ್‌ವೇ ಎರಡೂ ಅಲ್ಲಿಗೆ ಬಂದಿರುವುದರಿಂದ ಹೊಲಗಳು ಬೇಗ ಬೇಗ ಸೈಟ್ ಆಗುತ್ತಿವೆ. ಅಲ್ಲಿಗೆ ಪ್ರತ್ಯೇಕ ಯೋಜನಾ ಪ್ರಾಧಿಕಾರ ಇದೆ. ಬಡಾವಣೆಯ ನಕ್ಷೆಗೆ ಆ ಪ್ರಾಧಿಕಾರದ ಒಪ್ಪಿಗೆ ಇದೆಯಾ ಅಂತ ಮೊದಲು ನೋಡಲಿ. ಪಂಚಾಯಿತಿ ಸೀಲ್ ಸಾಲದು. ಭೂ ಪರಿವರ್ತನೆ ಆದೇಶ ಇದ್ದರೂ ಸಾಲದು. ಅದು ಜಮೀನನ್ನು ಕೃಷಿಯಿಂದ ಬಿಡಿಸುತ್ತದೆ, ಅಷ್ಟೇ. ರಸ್ತೆ, ಪಾರ್ಕಿನ ಜಾಗವನ್ನು ಬಿಲ್ಡರ್ ಸ್ಥಳೀಯ ಸಂಸ್ಥೆಗೆ ಬಿಟ್ಟುಕೊಟ್ಟ ನೋಂದಾಯಿತ ಪತ್ರದ ನಕಲು ಕೇಳಲಿ. ಆ ಪತ್ರ ಇಲ್ಲದಿದ್ದರೆ ಇವತ್ತಿನ ಪಾರ್ಕು ನಾಳೆ ಸೈಟ್ ಆಗುತ್ತದೆ. ಬ್ಯಾಂಕ್ ಸಾಲ ಕೊಟ್ಟಿತು ಅಂದ ಮಾತ್ರಕ್ಕೆ ಎಲ್ಲ ಸರಿ ಅಂದುಕೊಳ್ಳುವುದು ಬೇಡ.

ಆಮೇಲೆ ಪಹಣಿ ನೋಡಲಿ. ಖರಾಬು ಅಂತ ಒಂದು ಕಾಲಂ ಇರುತ್ತದೆ. ‘ಬ’ ಖರಾಬು ಅಂತ ಗುಂಟೆ ತೋರಿಸಿದ್ದರೆ ಅದು ಹಳ್ಳ, ದಾರಿ, ಕೆರೆಯಂಥ ಸಾರ್ವಜನಿಕ ಜಾಗ. ಅದು ಸೈಟಿನೊಳಗೆ ಸೇರಿಕೊಂಡಿಲ್ಲ ಅಂತ ಖಾತ್ರಿ ಆಗಬೇಕು. ಹಳೇ ಗ್ರಾಮ ನಕಾಶೆ ತೆಗೆಸಿದರೆ ಕಾಲುವೆ ಎಲ್ಲಿತ್ತು ಅಂತ ಗೆರೆ ಎಳೆದಂತೆ ಕಾಣುತ್ತದೆ. ಫೋನಿನಲ್ಲಿ ದಿಶಾಂಕ್ ಆ್ಯಪ್ ಹಾಕಿಕೊಂಡು ಸೈಟಿನ ಮೇಲೆ ನಿಂತರೆ ಸರ್ವೆ ನಂಬರ್, ಕೆರೆ–ಕಾಲುವೆ ಎಲ್ಲ ತೋರಿಸುತ್ತದೆ. ಕೆಲವು ಮೀಟರ್ ಆಚೀಚೆ ಇರಬಹುದು, ಹಾಗಾಗಿ ಸಂಶಯ ಬಂದರೆ ಸರ್ವೆಯರ್ ಕರೆಸಬೇಕು.

ನಿಮ್ಮ ಮನೆಗೆ ಸದ್ಯಕ್ಕೆ ಒಂದು ಕೆಲಸ. ಹಾಲ್‌ಗೆ ಬರುತ್ತಿರುವುದು ರಸ್ತೆ ನೀರೋ ಒಳಚರಂಡಿಯಿಂದ ಹಿಂದಕ್ಕೆ ನುಗ್ಗುವ ನೀರೋ ಗಮನಿಸಿ. ಬಾತ್‌ರೂಮಿನ ಜಾಲರಿಯಿಂದ ಮೊದಲು ಉಕ್ಕಿದರೆ ಎರಡನೆಯದು. ಹೊರಗಿನ ಚೇಂಬರಿನಲ್ಲಿ ನಾನ್ ರಿಟರ್ನ್ ವಾಲ್ವ್ ಹಾಕಿಸಿದರೆ ಬಹಳಷ್ಟು ನಿಲ್ಲುತ್ತದೆ. ರಸ್ತೆ ನೀರಾದರೆ ಗೇಟ್ ಎತ್ತರಿಸುವುದೊಂದೇ ನಿಮ್ಮ ಕೈಲಿರುವುದು. ಆಗ ನೀರು ಪಕ್ಕದ ಮನೆಗೆ ಹೋಗುತ್ತದೆ, ಅವರ ಹತ್ತಿರ ಮೊದಲೇ ಮಾತಾಡಿ. ಬೀದಿಯವರೆಲ್ಲ ಸೇರಿ ನಿಮ್ಮ ರಸ್ತೆಯ ನೀರು ಯಾವ ಕಾಲುವೆಗೆ ಸೇರಬೇಕು, ಎಲ್ಲಿ ಕಟ್ಟಿಕೊಂಡಿದೆ ಅಂತ ಒಂದು ಭಾನುವಾರ ನಡೆದು ನೋಡಿ, ಫೋಟೊ ತೆಗೆದು ಅರ್ಜಿ ಕೊಡಿ. ‘ನೀರು ನುಗ್ಗುತ್ತಿದೆ’ ಅನ್ನೋ ಅರ್ಜಿಗಿಂತ ‘ಇಂಥ ಸರ್ವೆ ನಂಬರಿನ ಮೋರಿ ಮುಚ್ಚಿದೆ’ ಅನ್ನೋ ಅರ್ಜಿ ಬೇಗ ಓಡುತ್ತದೆ.

ಇನ್ನೊಂದು ಮಾತು ಮಗನಿಗೆ. ಸೈಟ್ ತೋರಿಸುವವರು ಏಪ್ರಿಲ್ ಬಿಸಿಲಲ್ಲಿ, ಮಧ್ಯಾಹ್ನ ಕರೆದುಕೊಂಡು ಹೋಗುತ್ತಾರೆ. ಮುಂಗಡ ಕೊಡದೆ ಸೆಪ್ಟೆಂಬರ್‌ವರೆಗೆ ತಳ್ಳಲಿ. ರಾತ್ರಿ ಜೋರು ಮಳೆ ಆದ ಮರುದಿನ ಬೆಳಗ್ಗೆ ಏಜೆಂಟ್‌ಗೆ ಹೇಳದೆ ಒಬ್ಬನೇ ಹೋಗಿ, ಹಳ್ಳಿಯ ಟೀ ಅಂಗಡಿಯಲ್ಲಿ ಕೂತು, ವಯಸ್ಸಾದವರು ಯಾರಾದರೂ ಸಿಕ್ಕರೆ ಕೆರೆ ಕೋಡಿ ಬಿದ್ದರೆ ನೀರು ಯಾವ ಕಡೆ ಹೋಗುತ್ತಿತ್ತು ಅಂತ ಕೇಳಲಿ. ಅವರು ಕೈ ಮಾಡಿದ ಕಡೆ ಸೈಟ್ ಇದ್ದರೆ ಟೀ ಕುಡಿದು ವಾಪಸ್ ಬರಲಿ.